ಪುರುಷತ್ವದ ಬಗ್ಗೆ ಪಿಎಚ್‌ಡಿ ಮಾಡಲು ಮಹಿಳಾ ಅಧ್ಯಯನ ವಿಭಾಗ ಸೇರಬೇಕೇ?

ಸೇರಿ. ‘ಗಂಡಸರ ಅಧ್ಯಯನಕ್ಕೆ ಬೇರೆ ವಿಭಾಗ ಬರಲಿ, ಕಾಯುತ್ತೇನೆ’ ಎಂದಿದ್ದೀರಲ್ಲ, ನಾನೂ ಅದೇ ಹಟದಿಂದ ಮಹಿಳಾ ಅಧ್ಯಯನ ಬಿಟ್ಟು ಸಮಾಜಶಾಸ್ತ್ರ ವಿಭಾಗಕ್ಕೆ ಹೋದವನು.

ಮೈಸೂರಿನ ಗರಡಿಮನೆಗಳು ನನ್ನ ವಿಷಯ. ಪುರುಷತ್ವಗಳ ನಡುವಿನ ಸಂಬಂಧಗಳನ್ನು ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ‘ಮ್ಯಾಸ್ಕ್ಯುಲಿನಿಟೀಸ್’ ಎಂಬ 1995ರ ಪುಸ್ತಕದಲ್ಲಿ ನಾಲ್ಕು ಬಗೆಯಾಗಿ ಬಿಡಿಸಿದ್ದಾರೆ: ಯಜಮಾನಿಕೆ, ಅಧೀನತೆ, ಶಾಮೀಲು (ಯಜಮಾನಿಕೆಯ ಲಾಭ ಪಡೆಯುತ್ತ ಅದರ ಜೊತೆಗಿರುವುದು), ಅಂಚಿಗೆ ತಳ್ಳುವುದು. ನಾನು ಇವನ್ನು ನಾಲ್ಕು ಡಬ್ಬಿ ಮಾಡಿಕೊಂಡೆ. ಪೈಲ್ವಾನರನ್ನು ಮಾತನಾಡಿಸುವುದು, ಒಬ್ಬೊಬ್ಬರನ್ನೂ ಒಂದೊಂದರಲ್ಲಿ ಹಾಕಿ ಮುಚ್ಚಳ ಬಿಗಿಯುವುದು. ಉಸ್ತಾದರೊಬ್ಬರು ಯಜಮಾನಿಕೆಯ ಡಬ್ಬಿಗೆ ಹೋದರು. ಕುಸ್ತಿಯ ಮಟ್ಟಿಯ ಬಳಿ ಅವರು ಗದರಿದರೆ ಹುಡುಗರು ಉಸಿರೆತ್ತುತ್ತಿರಲಿಲ್ಲ. ಹಗಲಿನಲ್ಲಿ ಅದೇ ಉಸ್ತಾದರು ಮಂಡಿ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದರು. ಮಾಲೀಕನ ಮಗ, ಮೀಸೆ ಚಿಗುರದವನು, ಏಕವಚನದಲ್ಲಿ ಕೂಗಿದರೆ ಇವರ ಹೆಗಲ ಟವೆಲ್ ಕಂಕುಳಿಗೆ ಇಳಿಯುತ್ತಿತ್ತು. ಕಣ್ಣಾರೆ ಕಂಡಿದ್ದೆ, ಟಿಪ್ಪಣಿ ಪುಸ್ತಕದಲ್ಲೂ ಬರೆದಿದ್ದೆ. ಡಬ್ಬಿಗೆ ಹಿಡಿಯಲಿಲ್ಲವೆಂದು ಪ್ರಬಂಧದಿಂದ ಕೈಬಿಟ್ಟೆ! ಇವು ಮನುಷ್ಯರ ಸ್ಥಿರ ಸ್ವಭಾವಗಳಲ್ಲ, ಸಂದರ್ಭದಲ್ಲಿ ರೂಪುಗೊಳ್ಳುವ ನಡೆಗಳು ಎಂದು ಕಾನೆಲ್ ಅದೇ ಪುಸ್ತಕದಲ್ಲಿ ಬಿಡಿಸಿ ಹೇಳಿದ್ದಾರೆ. ನಾನು ಓದಿದ್ದು ಯಾರೋ ಮಾಡಿದ ಸಾರಾಂಶ. ಮೌಲ್ಯಮಾಪಕರು ಪ್ರಬಂಧವನ್ನು ತಿದ್ದಲು ಹಿಂತಿರುಗಿಸುವ ಹೊತ್ತಿಗೆ ಫೆಲೋಶಿಪ್ ಮುಗಿದಿತ್ತು. ಟ್ಯೂಷನ್ ಹೇಳಿಕೊಂಡು ತಿದ್ದಿದೆ.

ಆಗ ದಾರಿ ತೋರಿಸಿದವರು ಮಹಿಳಾ ಅಧ್ಯಯನದ ಪ್ರಾಧ್ಯಾಪಕಿ. ಅವರು ಕೇಳಿದ್ದು ಇಷ್ಟೇ: ಪೈಲ್ವಾನರ ಬಾದಾಮಿಗೆ, ತುಪ್ಪಕ್ಕೆ ದುಡ್ಡು ಯಾರದು? ವಿಚಾರಿಸಿದರೆ, ಒಬ್ಬನ ತಾಯಿ ಹೂ ಕಟ್ಟಿ ಮಾರುತ್ತಿದ್ದರು. ‘ಹಾಲು ಅವನೊಬ್ಬನಿಗೆ ಸ್ವಾಮಿ, ಹೆಣ್ಣುಮಕ್ಕಳಿಗೆ ಕರೀ ಕಾಫಿ’ ಎಂದರು. ನನ್ನ ಪ್ರಬಂಧದ ಜೀವಾಳ ಈಗ ಆ ಅಧ್ಯಾಯವೇ.

ಹಾಗಾಗಿ ಬೇರೆ ವಿಭಾಗ ಬೇಕೆಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಗಂಡಸು ಹೀಗಿರಬೇಕೆಂದು ಸಮಾಜ ಕಲಿಸುವ ‘ಪಾತ್ರ’ವೇ ಪುರುಷತ್ವ ಎಂಬ ಹಳೆಯ ಸಿದ್ಧಾಂತವನ್ನು ಪ್ರಶ್ನಿಸಿ ಅಧಿಕಾರದ ಮಾತೆತ್ತಿದ ಕ್ಯಾರಿಗನ್, ಕಾನೆಲ್, ಲೀ ಅವರ 1985ರ ಲೇಖನದ ಬೆನ್ನಿಗೆ ಸ್ತ್ರೀವಾದವಿತ್ತು, ಸಲಿಂಗಿಗಳ ಚಳವಳಿಯಿತ್ತು. ಅವುಗಳಿಂದ ದೂರ ಕೂತು ಗಂಡಸರನ್ನೇ ಓದುತ್ತೇನೆಂದರೆ ಸಿಗುವುದು ಗಂಡಸರು ತಮ್ಮ ಬಗ್ಗೆ ಕೊಚ್ಚಿಕೊಂಡದ್ದು ಮಾತ್ರ.

ಸ್ನೇಹಿತರು ನಗುತ್ತಾರೆಯೇ ಎಂದೂ ಕೇಳಿದ್ದೀರಿ. ನಗುತ್ತಾರೆ. ಯಾವ ಮಾತಿಗೆ, ಯಾರೆದುರು ನಗುತ್ತಾರೆ ಎಂದು ಬರೆದಿಟ್ಟುಕೊಳ್ಳಿ, ಅದೂ ನಿಮ್ಮ ವಿಷಯವೇ. ಕಾನೆಲ್ ಮತ್ತು ಮೆಸರ್‌ಶ್ಮಿಟ್ ಯಜಮಾನಿಕೆಯ ಪುರುಷತ್ವ ಎಂಬ ಪರಿಕಲ್ಪನೆಯನ್ನು ಮರುಪರಿಶೀಲಿಸಿದ 2005ರ ಲೇಖನವನ್ನು ಮೂಲದಲ್ಲೇ ಓದಿ. ಸಂದರ್ಶನದ ಪಟ್ಟಿಯಲ್ಲಿ ಹೆಂಗಸರಿಲ್ಲದಿದ್ದರೆ ಪಿಎಚ್‌ಡಿಯ ಸಾರಲೇಖವನ್ನು (ಸಿನಾಪ್ಸಿಸ್) ಸಲ್ಲಿಸಲೇಬೇಡಿ.