ಫೋನಿನಲ್ಲಿ ಬಂದ ಮಾತು ಎದುರಿಗೆ ಬರಲಿಲ್ಲ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಗಂಡ-ಹೆಂಡತಿಯನ್ನು ಸವಿತಾ, ಮಹೇಶ ಅಂತ ಕರೆಯೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇವರ ಮದುವೆ ಆಗಿದ್ದು 2020ರ ಫೆಬ್ರುವರಿಯಲ್ಲಿ. ಮಹೇಶರ ಕೆಲಸ ಪುಣೆಯಲ್ಲಿ, ಸವಿತಾ ಇದ್ದದ್ದು ಧಾರವಾಡದ ಅತ್ತೆ ಮನೆಯಲ್ಲಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ತಿಂಗಳುಗಟ್ಟಲೆ ಫೋನಿನಲ್ಲೇ ಸಂಸಾರ. ಮೊದಲು ಮೆಸೇಜು, ಆಮೇಲೆ ವಿಡಿಯೊ ಕಾಲ್, ಕೊನೆಗೆ ಫೋಟೊ. ಇಬ್ಬರೂ ಒಪ್ಪಿಯೇ ಮಾಡಿದ್ದು. ಆದರೂ ನನ್ನೆದುರು ಇಬ್ಬರೂ ತಲೆ ಎತ್ತಲಿಲ್ಲ.

ತೊಂದರೆ ಶುರುವಾಗಿದ್ದು ಮಹೇಶ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದ ಮೇಲೆ. "ಫೋನ್‌ನ್ಯಾಗ ಎಷ್ಟ್ ಚಂದ ಮಾತಾಡ್ತಿದ್ರು ಮೇಡಂ. ಈಗ ಬಾಜೂಕ ಮಲಗಿದ್ರೂ ಗ್ವಾಡಿ ಕಡೆ ಮಾರಿ" ಅಂದರು ಸವಿತಾ.

ಮಹೇಶರನ್ನು ಬೇರೆಯಾಗಿ ಕೇಳಿದೆ. ರಾತ್ರಿ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುವಾಗ ಏನೂ ತೊಂದರೆ ಇಲ್ಲ. ಹೆಂಡತಿ ಹತ್ತಿರ ಬಂದಾಗ ಮಾತ್ರ ನಿಮಿರುವುದಿಲ್ಲ. ಹೀಗಿದ್ದರೆ ಸಾಮಾನ್ಯವಾಗಿ ಕಾರಣ ದೇಹಕ್ಕಿಂತ ಜಾಸ್ತಿ ಭಯದಲ್ಲಿರುತ್ತದೆ. ಆದರೂ ಬಿಪಿ, ಶುಗರ್ ನೋಡಿಸಿಕೊಂಡು ಬನ್ನಿ ಅಂದೆ. ಸರಿ ಇತ್ತು.

ಫೋನ್ ಬಿಡಿ ಅಂತ ನಾನು ಹೇಳಲಿಲ್ಲ. ಇಬ್ಬರೂ ಆಸೆಯನ್ನು ಬಾಯಿಬಿಟ್ಟು ಹೇಳಲು ಕಲಿತದ್ದೇ ಅದರಲ್ಲಿ, ಅಲ್ವಾ? ಮಾತು ಬರದಿದ್ದರೆ ಪಕ್ಕದಲ್ಲೇ ಕೂತು ಮೆಸೇಜು ಹಾಕಿ, ಆಮೇಲೆ ಅದನ್ನೇ ಓದಿ ಹೇಳಿ ಅಂದೆ. ಎರಡು ವಾರ ಸಂಭೋಗ ಬೇಡ. ಸುಮ್ನೆ ಮುಟ್ಟುವುದು, ಎಲ್ಲಿ ಹಿತ, ಎಲ್ಲಿ ಬೇಡ ಅಂತ ಹೇಳುವುದು. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಹಳೇ ವಿಧಾನ ಇದು. ಆಗಲೇಬೇಕು ಅನ್ನುವ ಪರೀಕ್ಷೆ ಇಲ್ಲದಿದ್ದರೆ ಭಯಕ್ಕೆ ಜಾಗ ಕಡಿಮೆ. ಇನ್ನೊಂದು ವಿಷಯ ತಡವಾಗಿ ಹೊರಬಿತ್ತು. ಅವರ ಕೋಣೆಗೆ ಚಿಲಕವೇ ಇರಲಿಲ್ಲ, ಆಚೆ ಕೋಣೆಯಲ್ಲಿ ಅತ್ತೆ-ಮಾವ! ಮೊದಲು ಚಿಲಕ ಹಾಕಿಸಿ ಅಂದೆ.

ಸವಿತಾಗೆ ಹಳೇ ಫೋಟೊಗಳದ್ದೇ ಚಿಂತೆ. ಗ್ಯಾಲರಿಯಲ್ಲಿ ಅಳಿಸಿದರೆ ಸಾಲದು. ಗೂಗಲ್ ಫೋಟೋಸ್ ಬ್ಯಾಕಪ್, ಅದರ ಟ್ರ್ಯಾಶ್, ವಾಟ್ಸಾಪ್ ಚಾಟ್, ಎಲ್ಲವನ್ನೂ ಇಬ್ಬರೂ ಕೂತು ನೋಡಬೇಕು. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ಹಂಚಿದರೆ ಐಟಿ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಗಂಡನಾದರೂ ಅಷ್ಟೇ. ಇಂಥ ಫೋಟೊ ಹಿಡಿದು ಯಾರಾದರೂ ಆನ್‌ಲೈನ್‌ನಲ್ಲಿ ಬೆದರಿಸಿದರೆ, ದುಡ್ಡು ಕೇಳಿದರೆ ಸೈಬರ್ ಸಹಾಯವಾಣಿ 1930 ಇದೆ.

ಮುಂದಿನ ಭೇಟಿಗೆ ಬಂದಾಗ ಎರಡು ವಾರದ ನಿಯಮ ಅರ್ಧಕ್ಕೇ ಮುರಿದಿತ್ತು. ಹೇಳಿದ್ದು ಸವಿತಾ, ನಗುತ್ತಾ. ಮಹೇಶರ ವಿಡಿಯೊ ಅಭ್ಯಾಸ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಅದರ ಮಾತುಕತೆ ಇನ್ನೂ ನಡೆದಿದೆ.