ಬಿಪಿಎಡ್ ಆದ ಮೇಲೆ ಪಿಟಿ ಮೇಷ್ಟ್ರ ಕೆಲಸವೊಂದೇ ಅಲ್ಲ

ದೈಹಿಕ ಶಿಕ್ಷಣದ ಪದವಿ ಬಿಪಿಎಡ್ ಮುಗಿಸಿದ್ದೀರಿ, ವಿಶ್ವವಿದ್ಯಾಲಯ ಮಟ್ಟದಲ್ಲಿ ಕೊಕ್ಕೊ ಆಡಿದ್ದೀರಿ, ಶಾಲೆಯ ಕೆಲಸ ಬಿಟ್ಟು ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ಆದರೆ ಊರ ಮಕ್ಕಳನ್ನು ಮೈದಾನಕ್ಕೆ ತರುವ ಕೆಲಸ ಬೇಕೋ, ದೇಶಕ್ಕೆ ಆಡುವವರ ಬೆನ್ನಿಗೆ ನಿಲ್ಲುವ ಕೆಲಸ ಬೇಕೋ ಎಂಬುದನ್ನು ಮೊದಲು ನಿರ್ಧರಿಸಿ.

ಮೊದಲನೆಯದಕ್ಕೆ ತರಬೇತುದಾರನ ಅರ್ಹತೆ ಬೇಕು. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್‌ನ ಒಂದು ವರ್ಷದ ತರಬೇತುದಾರರ ಡಿಪ್ಲೊಮಾಗೆ ಈಗಲೂ ಎಲ್ಲೆಡೆ ಬೆಲೆಯಿದೆ. ಒಂದು ವರ್ಷ ಕಷ್ಟವೆನಿಸಿದರೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಆದರೆ ಅದನ್ನು ಡಿಪ್ಲೊಮಾಗೆ ಸಮ ಎಂದು ಯಾರೂ ಎಣಿಸುವುದಿಲ್ಲ. ನಿಮ್ಮ ಆಟಕ್ಕೆ ಆ ವರ್ಷ ಪ್ರವೇಶವಿದೆಯೇ ನೋಡಿಕೊಂಡು ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಜಿಲ್ಲಾ ಮಟ್ಟದ ಕೇಂದ್ರಗಳು ಹಳೆಯ ಆಟಗಾರರನ್ನೇ ತರಬೇತುದಾರರನ್ನಾಗಿ ತೆಗೆದುಕೊಳ್ಳುತ್ತವೆ, ಆದರೆ ಆಡಿದ ಮಟ್ಟ, ಗೆದ್ದ ಪದಕ ಎರಡನ್ನೂ ನೋಡುತ್ತವೆ.

ಎರಡನೆಯದು ಹೊರಗಿನಿಂದ ಹೊಳೆಯುತ್ತದೆ, ಒಳಗೆ ಕಠಿಣ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಹಾಕಿ ತಂಡಗಳ ಶಿಬಿರ ನಡೆಯುವಾಗ ಆಟಗಾರರ ಸುತ್ತ ಫಿಸಿಯೊ, ದೇಹದಾರ್ಢ್ಯ (ಫಿಟ್ನೆಸ್) ತರಬೇತುದಾರ, ವಿಡಿಯೊ ವಿಶ್ಲೇಷಕ ಎಲ್ಲರೂ ಇರುತ್ತಾರೆ. ಫಿಸಿಯೊ ಆಗಲು ಫಿಸಿಯೊಥೆರಪಿಯ ಪದವಿ ಬಿಪಿಟಿಯೇ ಬೇಕು, ನಿಮ್ಮ ಪದವಿ ಸಾಲದು. ನಿಮಗೆ ಹತ್ತಿರದ ಬಾಗಿಲು ದೇಹದಾರ್ಢ್ಯ ತರಬೇತಿ ಅಥವಾ ವಿಡಿಯೊ ವಿಶ್ಲೇಷಣೆ. ಇಂಥ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು ಎಂಬುದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ.

ಅಂದ ಹಾಗೆ, ತೀರ್ಪುಗಾರರ ಪರೀಕ್ಷೆಯನ್ನೂ ಬರೆದಿಡಿ. ಹಣ ಕಡಿಮೆ, ಪರಿಚಯ ಬಹಳ.