ಬಂದ ದುಡ್ಡು ಯಾರದ್ದು? ಷೇರು, ಡಿಬೆಂಚರ್ ಲೆಕ್ಕದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ಕಂಪನಿ ಷೇರು ಅಥವಾ ಡಿಬೆಂಚರ್ (ಸಾಲಪತ್ರ) ಕೊಟ್ಟು ಹಣ ತಂದಾಗ ಲೆಕ್ಕ ಬರೆಯುವುದು ಹೇಗೆ? ಕೇಳಿದವರಲ್ಲಿ ಪರೀಕ್ಷೆ ಬರೆಯುವ ಮಕ್ಕಳಿದ್ದಾರೆ, ಸ್ವಂತ ಕಂಪನಿ ನಡೆಸುವವರಿದ್ದಾರೆ, ಉಳಿತಾಯದ ಹಣ ಹಾಕಿದ ಹಿರಿಯರೂ ಇದ್ದಾರೆ. ಎಲ್ಲರಿಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜರ್ನಲ್ ಎಂಟ್ರಿಗಳನ್ನು ಬಾಯಿಪಾಠ ಮಾಡಬೇಡಿ. ಬ್ಯಾಂಕಿಗೆ ಬಂದ ದುಡ್ಡು ಈ ಹೊತ್ತಿಗೆ ಯಾರದ್ದು ಎಂದು ಕೇಳಿಕೊಳ್ಳಿ, ಅರ್ಧ ಲೆಕ್ಕ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಷೇರಿಗೆ ಅರ್ಜಿ ಹಾಕಿದವರ ಹಣವನ್ನು ನೇರವಾಗಿ ಷೇರು ಬಂಡವಾಳ ಖಾತೆಗೆ ಹಾಕದೆ, ನಡುವೆ ಷೇರು ಅರ್ಜಿ ಖಾತೆ ಯಾಕೆ ಬೇಕು? ಪ್ರೊ-ರಾಟಾ ಹಂಚಿಕೆಯಾದ ಷೇರುಗಳನ್ನು ಮುಟ್ಟುಗೋಲು ಹಾಕುವ ಲೆಕ್ಕವೂ ನನಗೆ ಪ್ರತಿ ಸಲ ತಪ್ಪುತ್ತದೆ.
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಅರ್ಜಿ ಹಾಕಿದವರೆಲ್ಲ ಷೇರುದಾರರಲ್ಲ, ಅಲ್ವಾ? ಕಂಪನಿ ಹಂಚಿಕೆ ಮಾಡುವ ತನಕ ಆ ಹಣ ಅರ್ಜಿದಾರರದ್ದೇ. ಷೇರು ಸಿಗದಿದ್ದರೆ ವಾಪಸ್ ಕೊಡಬೇಕು. ಅದಕ್ಕೇ ಮೊದಲು ಬ್ಯಾಂಕ್ ಖಾತೆಗೆ ಡೆಬಿಟ್, ಷೇರು ಅರ್ಜಿ ಖಾತೆಗೆ ಕ್ರೆಡಿಟ್. ಹಂಚಿಕೆಯಾದ ದಿನ ಅರ್ಜಿ ಖಾತೆಗೆ ಡೆಬಿಟ್, ಷೇರು ಬಂಡವಾಳಕ್ಕೆ ಕ್ರೆಡಿಟ್. ದುಡ್ಡು ಬ್ಯಾಂಕಿನಲ್ಲೇ ಇದೆ, ಕದಲಿಲ್ಲ. ಅದರ ಒಡೆತನ ಮಾತ್ರ ಬದಲಾಯಿತು.

ಕಂತಿನಲ್ಲಿ ಹಣ ಕೇಳುವುದು ಬರೀ ಪರೀಕ್ಷೆಯ ಲೆಕ್ಕ ಎಂದುಕೊಳ್ಳಬೇಡಿ. 2020ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಷೇರುದಾರರಿಗೆ ರೈಟ್ಸ್ ಷೇರು ಕೊಟ್ಟಿತು. ಮುಖಬೆಲೆ 10 ರೂಪಾಯಿ, ಕೊಟ್ಟ ಬೆಲೆ 1,257 ರೂಪಾಯಿ. ಅರ್ಜಿ ಜೊತೆ ಕೇಳಿದ್ದು 314.25 ರೂಪಾಯಿ ಮಾತ್ರ. ಅದರಲ್ಲಿ 2.50 ರೂಪಾಯಿ ಬಂಡವಾಳ, ಉಳಿದ 311.75 ಪ್ರೀಮಿಯಂ, ಅಂದರೆ ಮುಖಬೆಲೆಯ ಮೇಲೆ ಹೆಚ್ಚಿಗೆ ಕೊಡುವ ಹಣ. ಬಾಕಿಯನ್ನು 2021ರ ಮೇ ಮತ್ತು ನವೆಂಬರ್‌ನಲ್ಲಿ ಎರಡು ಕರೆಗಳಾಗಿ ಕೇಳಿತು. ಬಾಕಿ ಕಂತು ಕಟ್ಟಿ ಎಂದು ಕಂಪನಿ ಕೇಳುವುದೇ ಕರೆ. ನಿಮ್ಮ ಪುಸ್ತಕದ ಷೇರು ಬಂಡವಾಳದ ಅಧ್ಯಾಯದ ಲೆಕ್ಕವೇ ಇದು, ಸೊನ್ನೆಗಳು ಜಾಸ್ತಿ ಅಷ್ಟೆ.

ಈಗ ಮುಟ್ಟುಗೋಲಿಗೆ, ಅಂದರೆ ಕಂತು ಕಟ್ಟದವರ ಷೇರನ್ನು ಕಂಪನಿ ರದ್ದು ಮಾಡುವ ಲೆಕ್ಕಕ್ಕೆ ಬರೋಣ. ನಿಧಾನವಾಗಿ, ಪೆನ್ನು ಹಿಡಿದುಕೊಂಡು ಓದಿ.

ಒಂದು ಕಂಪನಿ 10 ರೂಪಾಯಿಯ 10,000 ಷೇರುಗಳನ್ನು 4 ರೂಪಾಯಿ ಪ್ರೀಮಿಯಂ ಮೇಲೆ ಕೊಡುತ್ತದೆ ಎಂದುಕೊಳ್ಳಿ. ಅರ್ಜಿಗೆ 3, ಹಂಚಿಕೆಗೆ ಪ್ರೀಮಿಯಂ ಸೇರಿ 7, ಕರೆಗೆ 4. ಅರ್ಜಿ ಬಂದದ್ದು 15,000 ಷೇರಿಗೆ. ಎಲ್ಲರಿಗೂ ಪ್ರೊ-ರಾಟಾ ಹಂಚಿದರು, ಅಂದರೆ 3 ಕೇಳಿದವರಿಗೆ 2. ಒಬ್ಬರು 300 ಷೇರಿಗೆ 900 ರೂಪಾಯಿ ಕಟ್ಟಿದ್ದರು, 200 ಷೇರು ಸಿಕ್ಕಿತು. ಆಮೇಲೆ ಅವರು ಹಂಚಿಕೆ ಹಣವನ್ನೂ ಕಟ್ಟಲಿಲ್ಲ, ಕರೆ ಹಣವನ್ನೂ ಕಟ್ಟಲಿಲ್ಲ.

ಇಲ್ಲಿ ಬಹಳ ಮಕ್ಕಳು ಹಂಚಿಕೆಯ ಬಾಕಿ 1,400 ಎಂದು ಬರೆದುಬಿಡುತ್ತಾರೆ. ಸಿಕ್ಕಿದ 200 ಷೇರಿಗೆ ಬೇಕಾಗಿದ್ದ ಅರ್ಜಿ ಹಣ 600. ಅವರು ಕೊಟ್ಟದ್ದು 900. ಹೆಚ್ಚಿಗೆ ಬಂದ 300 ಹಂಚಿಕೆ ಹಣದಲ್ಲಿ ಹೊಂದಿಕೆಯಾಗುತ್ತದೆ. ಆದ್ದರಿಂದ ಬಾಕಿ 1,100. ಕರೆಯ 800 ಸೇರಿದರೆ ಒಟ್ಟು ಬಾಕಿ 1,900.

ಪ್ರೀಮಿಯಂ ಕಥೆ ಏನು? ಹಂಚಿಕೆಯ 7 ರೂಪಾಯಿಯಲ್ಲಿ 3 ಬಂಡವಾಳ, 4 ಪ್ರೀಮಿಯಂ. ಹೊಂದಿಕೆಯಾದ 300 ರೂಪಾಯಿಯನ್ನು ಮೊದಲು ಬಂಡವಾಳದ ಪಾಲಿಗೆ ಹಿಡಿಯುತ್ತೇವೆ. ಹಾಗಾಗಿ ಪ್ರೀಮಿಯಂನ 800 ರೂಪಾಯಿ ಬಂದೇ ಇಲ್ಲ. ಬರದ ಪ್ರೀಮಿಯಂ ಪುಸ್ತಕದಲ್ಲಿ ಉಳಿಯುವಂತಿಲ್ಲ, ಅಳಿಸಬೇಕು. ಎಂಟ್ರಿ ಹೀಗಾಗುತ್ತದೆ: ಷೇರು ಬಂಡವಾಳ 2,000 ಡೆಬಿಟ್, ಸೆಕ್ಯುರಿಟೀಸ್ ಪ್ರೀಮಿಯಂ 800 ಡೆಬಿಟ್. ಎದುರಿಗೆ ಮುಟ್ಟುಗೋಲು ಖಾತೆ 900 ಕ್ರೆಡಿಟ್, ಬಾಕಿ ಖಾತೆ 1,900 ಕ್ರೆಡಿಟ್. ಎರಡೂ ಕಡೆ 2,800. ಅವರು ಪ್ರೀಮಿಯಂ ಪೂರ್ತಿ ಕಟ್ಟಿ ಬರೀ ಕರೆ ಹಣ ನಿಲ್ಲಿಸಿದ್ದರೆ ಪ್ರೀಮಿಯಂ ಖಾತೆಯನ್ನು ಮುಟ್ಟುವ ಹಾಗಿರಲಿಲ್ಲ. ಬಂದದ್ದು ಬಂತು.

ಆ 200 ಷೇರನ್ನು ಕಂಪನಿ ಇನ್ನೊಬ್ಬರಿಗೆ 8 ರೂಪಾಯಿಗೆ, ಪೂರ್ಣ ಪಾವತಿಯಾದ ಷೇರು ಎಂದು ಮತ್ತೆ ಕೊಟ್ಟಿತು ಎನ್ನಿ. ಬ್ಯಾಂಕಿಗೆ 1,600, ಮುಟ್ಟುಗೋಲು ಖಾತೆಯಿಂದ 400, ಒಟ್ಟು 2,000 ಬಂಡವಾಳಕ್ಕೆ. ಮುಟ್ಟುಗೋಲಿನಲ್ಲಿ ಉಳಿದ 500 ಬಂಡವಾಳ ಮೀಸಲಿಗೆ ಹೋಗುತ್ತದೆ. ಒಂದು ವೇಳೆ 100 ಷೇರು ಮಾತ್ರ ಮತ್ತೆ ಕೊಟ್ಟಿದ್ದರೆ? ಆ 100 ಷೇರಿನ ಪಾಲು 450. ಅದರಲ್ಲಿ 200 ರಿಯಾಯಿತಿಗೆ ಹೋಗಿ 250 ಮಾತ್ರ ಮೀಸಲಿಗೆ. ಇನ್ನೊಂದು 450 ಮುಟ್ಟುಗೋಲು ಖಾತೆಯಲ್ಲೇ ಕೂತಿರಬೇಕು, ಯಾಕೆಂದರೆ ಉಳಿದ 100 ಷೇರು ಎಷ್ಟಕ್ಕೆ ಹೋಗುತ್ತದೋ ಇನ್ನೂ ಗೊತ್ತಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದೇ. ಇಲ್ಲಿ ಎರಡು ಸಲ ನೋಡಿ.

ಪ್ರಶ್ನೆ: ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡಬಾರದು ಎನ್ನುತ್ತಾರೆ. ಎಲ್‌ಐಸಿ ಐಪಿಒದಲ್ಲಿ (ಷೇರನ್ನು ಮೊದಲ ಸಲ ಸಾರ್ವಜನಿಕರಿಗೆ ಮಾರಿದಾಗ) ಪಾಲಿಸಿದಾರಳಾದ ನನಗೆ 60 ರೂಪಾಯಿ ರಿಯಾಯಿತಿ ಸಿಕ್ಕಿತು. ಅದು ಹೇಗೆ? ನಾವು ಕೊಟ್ಟ ಹಣ ಎಲ್‌ಐಸಿ ಲೆಕ್ಕದಲ್ಲಿ ಎಲ್ಲಿ ಕಾಣಿಸುತ್ತದೆ?
— ಗೃಹಿಣಿ, ದಾವಣಗೆರೆ

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಮೊದಲ ಭಾಗ ಸುಲಭ. 2013ರ ಕಂಪನಿ ಕಾಯ್ದೆಯ 53ನೇ ಕಲಂ ತಡೆಯುವುದು ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡುವುದನ್ನು. ಸ್ವೆಟ್ ಈಕ್ವಿಟಿಯಂಥ (ನೌಕರರು, ನಿರ್ದೇಶಕರ ದುಡಿಮೆಗೆ ಪ್ರತಿಯಾಗಿ ಕೊಡುವ ಷೇರು) ವಿನಾಯಿತಿಗಳು ಬೇರೆ. ಎಲ್‌ಐಸಿ ಷೇರಿನ ಮುಖಬೆಲೆ 10 ರೂಪಾಯಿ, ಮಾರಿದ ಬೆಲೆ 949. ನಿಮಗೆ 889ಕ್ಕೆ ಸಿಕ್ಕಿತು. ಅದು 949ರ ಮೇಲಿನ ರಿಯಾಯಿತಿ. ಮುಖಬೆಲೆಗೆ ಹೋಲಿಸಿದರೆ ನೀವು 879 ಜಾಸ್ತಿಯೇ ಕೊಟ್ಟಿದ್ದೀರಿ.

ಎರಡನೇ ಭಾಗದ ಉತ್ತರ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಆ ಹಣ ಎಲ್‌ಐಸಿಯ ಲೆಕ್ಕದಲ್ಲಿ ಎಲ್ಲೂ ಕಾಣಿಸುವುದಿಲ್ಲ. 2022ರ ಮೇ ತಿಂಗಳಿನ ಆ ಮಾರಾಟದಲ್ಲಿ ಎಲ್‌ಐಸಿ ಒಂದೂ ಹೊಸ ಷೇರು ಕೊಡಲಿಲ್ಲ. ಕೇಂದ್ರ ಸರ್ಕಾರ ತನ್ನ ಹತ್ತಿರ ಇದ್ದ ಷೇರುಗಳಲ್ಲಿ ಶೇ. 3.5ರಷ್ಟನ್ನು ಮಾರಿತು. ದುಡ್ಡು ಸರ್ಕಾರಕ್ಕೆ ಹೋಯಿತು. ಎಲ್‌ಐಸಿಯ ಬಂಡವಾಳ ಹಿಂದಿನ ದಿನ ಎಷ್ಟಿತ್ತೋ ಮರುದಿನವೂ ಅಷ್ಟೇ. ಷೇರುದಾರರ ಪಟ್ಟಿಯಲ್ಲಿ ಹೆಸರುಗಳು ಬದಲಾದವು, ಅಷ್ಟೆ. ಇದನ್ನು ಆಫರ್ ಫಾರ್ ಸೇಲ್ ಎನ್ನುತ್ತಾರೆ.

ಹೊಸ ಷೇರು ಕೊಟ್ಟಾಗ ಮಾತ್ರ ಕಂಪನಿಯ ಪುಸ್ತಕದಲ್ಲಿ ಎಂಟ್ರಿ. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಕೊಟ್ಟಿತು. ಹಾಗೆ ಕೊಟ್ಟ ಷೇರಿನ 10 ರೂಪಾಯಿ ಬಂಡವಾಳ, 85 ಪ್ರೀಮಿಯಂ. ಆ 85 ರೂಪಾಯಿ ಲಾಭ ಅಲ್ಲ. ಅದು ಲಾಭ-ನಷ್ಟದ ಲೆಕ್ಕಕ್ಕೆ ಹೋಗುವುದೇ ಇಲ್ಲ. ಅದರಿಂದ ಡಿವಿಡೆಂಡ್ ಹಂಚುವಂತಿಲ್ಲ. ಈಗಿನ ಕಾಯ್ದೆಯ 52ನೇ ಕಲಂ ಅದನ್ನು ಬಳಸಬಹುದಾದ ದಾರಿಗಳನ್ನು ಹೇಳುತ್ತದೆ: ಬೋನಸ್ ಷೇರು ಕೊಡುವುದು, ಪ್ರಾರಂಭಿಕ ವೆಚ್ಚ ಮತ್ತು ಷೇರು, ಡಿಬೆಂಚರ್ ಕೊಡುವಾಗಿನ ಖರ್ಚು, ಕಮಿಷನ್, ಡಿಸ್ಕೌಂಟ್‌ಗಳನ್ನು ತೊಡೆಯುವುದು, ಡಿಬೆಂಚರ್ ಅಥವಾ ಪ್ರಿಫರೆನ್ಸ್ ಷೇರು ತೀರಿಸುವಾಗ ಕೊಡಬೇಕಾದ ಪ್ರೀಮಿಯಂ, ಬೈಬ್ಯಾಕ್ (ಕಂಪನಿ ತನ್ನ ಷೇರನ್ನೇ ವಾಪಸ್ ಕೊಳ್ಳುವುದು). ಬೇರೆಯದಕ್ಕೆ ಕೈ ಹಾಕಿದರೆ ಅದು ಬಂಡವಾಳವನ್ನೇ ಕಡಿಮೆ ಮಾಡಿದಂತೆ ಎಂದು ಕಾಯ್ದೆ ನೋಡುತ್ತದೆ. ಮುಂದಿನ ಸಲ ಐಪಿಒಗೆ ಅರ್ಜಿ ಹಾಕುವ ಮುಂಚೆ ಪ್ರಾಸ್ಪೆಕ್ಟಸ್‌ನಲ್ಲಿ ಹೊಸ ಷೇರು ಎಷ್ಟು, ಹಳಬರು ಮಾರುತ್ತಿರುವುದು ಎಷ್ಟು ಎಂದು ದಯವಿಟ್ಟು ನೋಡಿ.

ಪ್ರಶ್ನೆ: ಡಿಬೆಂಚರನ್ನು ಡಿಸ್ಕೌಂಟ್‌ನಲ್ಲಿ ಕೊಟ್ಟು ಪ್ರೀಮಿಯಂನಲ್ಲಿ ತೀರಿಸುವುದಾದರೆ, ಐದು ವರ್ಷದ ನಂತರ ಕೊಡುವ ಪ್ರೀಮಿಯಂಗೆ ಈಗಲೇ ನಷ್ಟ ಅಂತ ಯಾಕೆ ಬರೆಯಬೇಕು?
— ಬಿ.ಕಾಂ ವಿದ್ಯಾರ್ಥಿ, ವಿಜಯಪುರ

ಉತ್ತರ: ಯಾಕೆಂದರೆ ಮಾತು ಕೊಟ್ಟದ್ದು ಈಗಲೇ. 100 ರೂಪಾಯಿಯ 1,000 ಡಿಬೆಂಚರ್‌ಗಳನ್ನು ಶೇ. 5 ಡಿಸ್ಕೌಂಟ್‌ನಲ್ಲಿ ಕೊಟ್ಟು, ಶೇ. 5 ಪ್ರೀಮಿಯಂನಲ್ಲಿ ತೀರಿಸುತ್ತೇವೆ ಎಂದು ಕಂಪನಿ ಒಪ್ಪಿಕೊಂಡಿದೆ. ಬ್ಯಾಂಕಿಗೆ ಬಂದದ್ದು 95,000. ಕೊನೆಗೆ ತೀರಿಸಬೇಕಾದದ್ದು 1,05,000. ನಡುವಿನ 10,000 ಎಲ್ಲಿ ಹೋಗಬೇಕು? ಅದೇ ಡಿಬೆಂಚರ್ ಕೊಟ್ಟದ್ದರ ಮೇಲಿನ ನಷ್ಟ. ಬ್ಯಾಂಕ್ 95,000 ಮತ್ತು ನಷ್ಟ 10,000 ಡೆಬಿಟ್. ಡಿಬೆಂಚರ್ 1,00,000 ಮತ್ತು ತೀರಿಸುವಾಗಿನ ಪ್ರೀಮಿಯಂ 5,000 ಕ್ರೆಡಿಟ್. ನಿಮ್ಮ ಪುಸ್ತಕದ ಪ್ರಕಾರ ಈ ನಷ್ಟವನ್ನು ಅದೇ ವರ್ಷ, ಸೆಕ್ಯುರಿಟೀಸ್ ಪ್ರೀಮಿಯಂ ಇದ್ದರೆ ಮೊದಲು ಅದರಿಂದ, ಸಾಲದಿದ್ದರೆ ಲಾಭ-ನಷ್ಟದ ಲೆಕ್ಕದಿಂದ ತೊಡೆಯಬೇಕು.

ದೊಡ್ಡ ಕಂಪನಿಗಳು ಇಂಡ್ ಎಎಸ್ 109 ಎಂಬ ಲೆಕ್ಕ ಮಾನದಂಡದ ಪ್ರಕಾರ ಬೇರೆ ರೀತಿ ಬರೆಯುತ್ತವೆ. ಸಾಲವನ್ನು ಸಿಕ್ಕ ಹಣದಿಂದಲೇ, ಅಂದರೆ 95,000ದಿಂದ ಶುರುಮಾಡಿ, ವರ್ಷ ವರ್ಷ ಏರಿಸುತ್ತಾ 1,05,000ಕ್ಕೆ ತರುತ್ತವೆ. ಏರಿದ ಮೊತ್ತ ಆಯಾ ವರ್ಷದ ಬಡ್ಡಿ ಖರ್ಚಿಗೆ ಸೇರುತ್ತದೆ. ನನಗೆ ಈ ದಾರಿಯೇ ಹೆಚ್ಚು ಸರಿ ಎನಿಸುತ್ತದೆ. ಆ 10,000 ನಿಜವಾಗಿ ಬಡ್ಡಿಯೇ, ಒಂದೇ ಸಲ ಆದ ನಷ್ಟವಲ್ಲ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ದಾರಿಯಲ್ಲೇ ಬರೆಯಿರಿ.

ಇನ್ನೊಂದು ವಿಷಯ. ವರ್ಷದ ಬಡ್ಡಿ ಲೆಕ್ಕ ಹಾಕುವುದು ಮುಖಬೆಲೆಯ ಮೇಲೆ. ಶೇ. 9 ಎಂದರೆ 9,000, ಬಂದದ್ದು 95,000 ಆದರೂ. ಲಾಭ ಬರಲಿ, ನಷ್ಟ ಆಗಲಿ, ಬಡ್ಡಿ ಕೊಡಲೇಬೇಕು. ಡಿವಿಡೆಂಡ್ ಹಾಗಲ್ಲ.

ಪ್ರಶ್ನೆ: ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ನನ್ನ ಭಾವ 20 ಲಕ್ಷ ಹಾಕಿ ಷೇರು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಈಗ ಅವರು ಷೇರುದಾರರಲ್ಲ. ಹಣ ತಗೊಂಡು ಷೇರು ಆಮೇಲೆ ಕೊಟ್ಟರೆ ಆಗುತ್ತದಾ?
— ಗೇರುಬೀಜ ಉದ್ಯಮಿ, ಕುಂದಾಪುರ

ಉತ್ತರ: ಆಮೇಲೆ ಎಂದರೆ ಎಷ್ಟು ದಿನ ಎನ್ನುವುದೇ ಮುಖ್ಯ. ಸುಮ್ನೆ ಮನೆಯವರೇ ಅಲ್ವಾ ಎಂದು ಬಿಡಬೇಡಿ, ಕಾನೂನು ಭಾವನನ್ನೂ ಹೊರಗಿನವರ ಹಾಗೆಯೇ ನೋಡುತ್ತದೆ. ಷೇರುದಾರರಲ್ಲದ ಕಾರಣ ಇದು 42ನೇ ಕಲಂ ಅಡಿಯ ಪ್ರೈವೇಟ್ ಪ್ಲೇಸ್‌ಮೆಂಟ್, ಅಂದರೆ ಆರಿಸಿದ ಕೆಲವರಿಗೆ ಮಾತ್ರ ಷೇರು ಕೊಡುವುದು. ಮೊದಲು ವಿಶೇಷ ನಿರ್ಣಯ, ಆಮೇಲೆ ಆಫರ್ ಪತ್ರ. ಷೇರಿನ ಬೆಲೆಗೆ ನೋಂದಾಯಿತ ವ್ಯಾಲ್ಯುವರ್ ವರದಿ ಬೇಕು. ಹಣ ನಗದಾಗಿ ತೆಗೆದುಕೊಳ್ಳುವಂತಿಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ, ಅದೂ ಅವರ ಸ್ವಂತ ಖಾತೆಯಿಂದ, ನಿಮ್ಮ ಕಂಪನಿಯ ಪ್ರತ್ಯೇಕ ಖಾತೆಗೆ ಬರಬೇಕು. ಬಂದ 60 ದಿನದೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್. ಅದೂ ತಪ್ಪಿದರೆ 60ನೇ ದಿನ ಮುಗಿದಾಗಿನಿಂದ ವರ್ಷಕ್ಕೆ ಶೇ. 12 ಬಡ್ಡಿ. ಹಂಚಿಕೆಯಾದ 15 ದಿನದೊಳಗೆ ರಿಜಿಸ್ಟ್ರಾರ್‌ಗೆ ಪಿಎಎಸ್-3 (ಹಂಚಿಕೆಯ ವಿವರ ಕೊಡುವ ನಮೂನೆ) ಸಲ್ಲಿಸಬೇಕು. ಅದು ಸಲ್ಲಿಕೆಯಾಗುವ ತನಕ ಆ ಹಣ ಮುಟ್ಟುವ ಹಾಗಿಲ್ಲ. ಸೀಸನ್ ಶುರುವಾಗಿದೆ, ಕಚ್ಚಾ ಗೇರುಬೀಜ ಕೊಳ್ಳಬೇಕು ಎಂದು ಅದರಿಂದ ತೆಗೆದರೆ ತಪ್ಪಾಗುತ್ತದೆ.

ಮಾರ್ಚ್ 31ಕ್ಕೆ ಹಂಚಿಕೆ ಆಗಿರದಿದ್ದರೆ ಬ್ಯಾಲೆನ್ಸ್ ಶೀಟಿನಲ್ಲಿ ಅದು ಬಂಡವಾಳವಲ್ಲ. ಹಂಚಿಕೆಗೆ ಕಾದಿರುವ ಷೇರು ಅರ್ಜಿ ಹಣ ಎಂದು ಬೇರೆ ಸಾಲಿನಲ್ಲಿ ತೋರಿಸಬೇಕು. ವಾಪಸ್ ಕೊಡಬೇಕಾದದ್ದಾಗಿದ್ದರೆ ಚಾಲ್ತಿ ಹೊಣೆಗಳಲ್ಲಿ. ನಿಮ್ಮ ಸಿಎ ಅಥವಾ ಕಂಪನಿ ಸೆಕ್ರೆಟರಿಯನ್ನು ಹಣ ಬರುವ ಮೊದಲೇ ಕೂರಿಸಿಕೊಂಡು ಮಾತಾಡಿ.

ಪ್ರಶ್ನೆ: ಲಿಸ್ಟೆಡ್ ಕಂಪನಿಗಳು ಈಗ ಡಿಬೆಂಚರ್ ತೀರಿಸಲು ಮೀಸಲು ಇಡಬೇಕಿಲ್ಲವಂತೆ. ಹಾಗಾದರೆ ನಮ್ಮ ಹಣಕ್ಕೆ ಭದ್ರತೆ ಏನು?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ಸರ್. 2019ರ ಆಗಸ್ಟ್‌ನಲ್ಲಿ ನಿಯಮ ಬದಲಾದದ್ದು ನಿಜ. ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿಗಳಿಗೆ ಡಿಬೆಂಚರ್ ರಿಡೆಂಪ್ಶನ್ ರಿಸರ್ವ್ (ನೀವು ಹೇಳಿದ ಮೀಸಲು) ಬೇಕಿಲ್ಲ. ಲಿಸ್ಟ್ ಆಗದ ಸಾಮಾನ್ಯ ಕಂಪನಿಗಳಿಗೆ ಶೇ. 25 ಇದ್ದದ್ದು ಶೇ. 10ಕ್ಕೆ ಇಳಿಯಿತು.

ಆದರೆ ಆ ಮೀಸಲು ಇದ್ದಾಗಲೂ ಅದು ಪೆಟ್ಟಿಗೆಯಲ್ಲಿಟ್ಟ ದುಡ್ಡಾಗಿರಲಿಲ್ಲ. ಲಾಭದ ಒಂದು ಭಾಗವನ್ನು ಡಿವಿಡೆಂಡ್ ಆಗಿ ಹಂಚದಂತೆ ಪುಸ್ತಕದಲ್ಲಿ ಎತ್ತಿಡುವುದು, ಅಷ್ಟೆ. ಅದೇ ಹಣ ಅಷ್ಟರಲ್ಲಿ ಯಂತ್ರವಾಗಿಯೋ, ಗೋದಾಮಿನ ಸರಕಾಗಿಯೋ ಇರಬಹುದು. ನಿಜವಾದ ದುಡ್ಡಿಗೆ ಸಂಬಂಧಿಸಿದ್ದು ಇನ್ನೊಂದು ನಿಯಮ: ಅದು ಅನ್ವಯಿಸುವ ಕಂಪನಿಗಳು ಮುಂದಿನ ಮಾರ್ಚ್ 31ರೊಳಗೆ ತೀರಿಸಬೇಕಾದ ಡಿಬೆಂಚರ್‌ಗಳ ಶೇ. 15ರಷ್ಟನ್ನು ಏಪ್ರಿಲ್ 30ರೊಳಗೆ ಬ್ಯಾಂಕ್ ಠೇವಣಿ ಅಥವಾ ಸರ್ಕಾರಿ ಸಾಲಪತ್ರಗಳಂಥ ಕಡೆ ಇಡಬೇಕು. ಅದೂ ಶೇ. 15 ಮಾತ್ರ.

ಆದ್ದರಿಂದ ನೀವು ನೋಡಬೇಕಾದದ್ದು ಬೇರೆ. ಡಿಬೆಂಚರ್ ಸೆಕ್ಯೂರ್ಡ್ (ಆಸ್ತಿಯ ಭದ್ರತೆ ಇರುವುದು) ಹೌದೋ ಅಲ್ಲವೋ, ಯಾವ ಆಸ್ತಿಯ ಮೇಲೆ ಚಾರ್ಜ್ (ಸಾಲದ ಹಕ್ಕು) ಇದೆ, ಅದೇ ಆಸ್ತಿಯ ಮೇಲೆ ಬ್ಯಾಂಕುಗಳ ಹಕ್ಕು ಎಷ್ಟಿದೆ, ಡಿಬೆಂಚರ್ ಟ್ರಸ್ಟಿ (ಸಾಲ ಕೊಟ್ಟವರ ಪರವಾಗಿ ನಿಗಾ ಇಡುವವರು) ಯಾರು, ಕಂಪನಿ ಗಳಿಸುವ ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ. ಬಡ್ಡಿ ದರ ಬ್ಯಾಂಕಿಗಿಂತ ಬಹಳ ಜಾಸ್ತಿ ಇದ್ದರೆ, ಯಾಕೆ ಜಾಸ್ತಿ ಎಂದು ತಿಳಿಯದೆ ನಿವೃತ್ತಿಯ ಹಣ ಹಾಕಬೇಡಿ.

ಪ್ರಶ್ನೆ: ಕರೆ ಬಾಕಿಗೆ ಮತ್ತು ಮುಂಗಡ ಕರೆ ಹಣಕ್ಕೆ ಬಡ್ಡಿ ಎಷ್ಟು? ಹಳೆಯ ನೋಟ್ಸ್‌ನಲ್ಲಿ 5 ಮತ್ತು 6 ಎಂದಿದೆ.
— ಬಿ.ಕಾಂ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅದು 1956ರ ಕಾಯ್ದೆಯ ಟೇಬಲ್ ಎ ದರ. ಈಗ 2013ರ ಕಾಯ್ದೆಯ ಟೇಬಲ್ ಎಫ್ ನೋಡಿ, ಅದು ಕಂಪನಿಗಳಿಗಾಗಿ ಕಾಯ್ದೆಯಲ್ಲಿರುವ ಮಾದರಿ ನಿಯಮಾವಳಿ. ಕಂಪನಿಯ ಸ್ವಂತ ನಿಯಮಾವಳಿ ಬೇರೆ ಹೇಳದಿದ್ದರೆ, ಬಾಕಿಗೆ ಶೇ. 10ರವರೆಗೆ ಕಂಪನಿ ವಸೂಲಿ ಮಾಡಬಹುದು, ಮುಂಗಡಕ್ಕೆ ಶೇ. 12ರವರೆಗೆ ಕೊಡಬಹುದು. ಮುಂಗಡ ಕೊಟ್ಟ ಹಣಕ್ಕೆ ಡಿವಿಡೆಂಡ್ ಸಿಗುವುದಿಲ್ಲ, ಕರೆಯ ದಿನ ಬರುವ ತನಕ ಅದು ಬಂಡವಾಳವಲ್ಲ, ಹೊಣೆ. ಹಳೆಯ ನೋಟ್ಸ್‌ನ ಆ ಪುಟ ಹರಿದು ಹಾಕಿ.